ಮೊಟ್ಟೆ ಹಿಡಿಯುವ ಮೆಷಿನ್ನು

ಹಾಸನ ಜಿಲ್ಲೆಯಲ್ಲಿ ನಾನು ಮುಟ್ಟದ ನಲ್ಲಿ ಇಲ್ಲ. ಹೊಳೆನರಸೀಪುರದಲ್ಲಿ ನಾನು ಬಸ್ಸಿಳಿದರೆ ಸಾಕು, ಸೋರುತ್ತಿದ್ದ ಟ್ಯಾಂಕುಗಳು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಅರಕಲಗೂಡಿನ ಒಂದು ಲಾಡ್ಜಿನಲ್ಲಿ ಏಳು ವರ್ಷದಿಂದ ತಣ್ಣಗೆ ಕೂತಿದ್ದ ಗೀಸರು, ಮೆಟ್ಟಿಲ ಮೇಲೆ ನನ್ನ ಕೆಮ್ಮು ಕೇಳಿಸಿದ್ದೇ ತಡ, ಕುದಿಯತೊಡಗಿತು. ಇದರಲ್ಲಿ ಅರ್ಧ ಸುಳ್ಳು ಎನ್ನುತ್ತಾಳೆ ನನ್ನ ಹೆಂಡತಿ ಗೌತಮಿ. ಯಾವ ಅರ್ಧ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ನಮ್ಮಪ್ಪ ಹೊಳೆನರಸೀಪುರದಲ್ಲಿ ದೇವರ ಅಭಿಷೇಕಕ್ಕೆ ನದಿಯಿಂದ ಕೊಡದಲ್ಲಿ ನೀರು ಹೊತ್ತವರು. ಮಗನೂ ಹೊರಲಿ ಎಂದು ಅವರಿಗೆ ಆಸೆ. ನಾನು ಕೊಡದ ಬದಲು ಪೈಪು ಹಿಡಿದು ಚನ್ನರಾಯಪಟ್ಟಣಕ್ಕೆ ಬಂದು ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟೆ. ಬೋರ್ಡಿನ ಮೇಲೆ ‘ಪ್ರದ್ಯುಮ್ನ, ನೀರಿನ ಡಾಕ್ಟರು’ ಎಂದು ಬರೆಸಿದೆ. ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ನನ್ನ ಹೆಸರು ಬಾಗೂರಿನ ಆಚೆಗೂ ಹೋಗಿತ್ತು. ಎಷ್ಟು ಆಚೆಗೆ ಎಂದರೆ, ನನಗೇ ಅಲ್ಲಿಗೆ ದಾರಿ ಗೊತ್ತಿರಲಿಲ್ಲ.

ಆ ವರ್ಷ ಹಾಸನದಲ್ಲಿ ವರ್ಗವಾಗಿ ಹೋಗುತ್ತಿದ್ದ ಒಬ್ಬ ಕಣ್ಣಿನ ಡಾಕ್ಟರ ಮನೆಯಿಂದ ಹಳೆಯದೊಂದು ಸಾಫ್ಟ್‌ನರ್ ತಂದೆ. ಆಳೆತ್ತರದ ಫೈಬರಿನ ಕೊಳವೆ, ಪಕ್ಕದಲ್ಲಿ ಉಪ್ಪು ಹಾಕುವ ಡ್ರಮ್ಮು, ನೆತ್ತಿಯ ಮೇಲೆ ತಿರುಗಿಸುವ ಹಿಡಿ. ಕೊಳವೆಯೊಳಗೆ ಲಕ್ಷಗಟ್ಟಲೆ ಮಣಿ, ಗಸಗಸೆಗಿಂತ ದಪ್ಪ, ರಾಗಿಗಿಂತ ಸಣ್ಣ, ಜೇನಿನ ಬಣ್ಣ. ಗಡಸು ನೀರು ಅವುಗಳ ನಡುವೆ ಹಾದು ಹೋಗುವಾಗ ಸುಣ್ಣವೆಲ್ಲ ಮಣಿಗೆ ಅಂಟಿ, ಕೆಳಗೆ ಮೆದು ನೀರು ಬರುತ್ತದೆ. ಮಣಿ ಸುಸ್ತಾದರೆ ಉಪ್ಪುನೀರಿನಲ್ಲಿ ತೊಳೆದರೆ ಸಾಕು, ಮತ್ತೆ ಚುರುಕಾಗುತ್ತವೆ. ಮಣಿಗಳು ನೀರಿನ ಜೊತೆ ಹೊರಗೆ ಓಡಿಹೋಗದಂತೆ ಬುಡದಲ್ಲಿ ಒಂದು ಜಾಲರಿ ಇರುತ್ತದೆ. ಡಾಕ್ಟರ ಮೆಷಿನ್ನಿನ ಜಾಲರಿ ಬಿರಿದಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. ಅದಕ್ಕೆ ಕಾಯುವ ಜಾತಿಯವನಲ್ಲ ನಾನು. ಸೊಳ್ಳೆಪರದೆಯ ತುಂಡು ಸುತ್ತಿ ನೈಲಾನ್ ದಾರದಲ್ಲಿ ಬಿಗಿದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಾಂತಿಗ್ರಾಮದ ತಿಮ್ಮಪ್ಪ, ನನಗಿಂತ ಹತ್ತು ವರ್ಷ ದೊಡ್ಡವನು, ಬಾವಿ ತೋಡಿ ತೋಡಿ ಬೆನ್ನು ಬಾಗಿದವನು, ಅದನ್ನು ನೋಡಿ ಬೀಡಿ ಆರಿಸಿದ.

“ಇದು ತಡಿಯಾಕಿಲ್ಲ ಕಣ್ ಸಾ.”

“ಲೇ ತಿಮ್ಮಪ್ಪ, ಭೂಮಿ ಬಿರಿದರೂ ಈ ಗಂಟು ಬಿಚ್ಚಲ್ಲ ಕಣೋ.”

“ಭೂಮಿ ಬಿರುದ್ರೆ ಯಾರ್ ನೋಡಕ್ ಇರ್ತಾರೆ ಬುಡಿ.”

ಮೆಷಿನ್ನು ಹೋದದ್ದು ಪೇಟೆ ಬೀದಿಯ ಪಾತ್ರೆ ಅಂಗಡಿ ಅಜಿತ್‌ಕುಮಾರನ ಮನೆಗೆ. ಜೈನರ ಮನೆ. ಹಿತ್ತಲಿನಲ್ಲಿ ಅಜ್ಜನ ಕಾಲದ ಬಾವಿ, ಅದರ ನೀರು ಎಷ್ಟು ಗಡಸು ಎಂದರೆ ಬೇಳೆ ಬೇಯುವುದರೊಳಗೆ ಬೇಯಿಸುವವರಿಗೆ ವಯಸ್ಸಾಗುತ್ತಿತ್ತು. ಅಜಿತನ ಹೆಂಡತಿ ಶ್ರದ್ಧಾಳ ತಲೆಗೂದಲು ತೆಂಗಿನ ನಾರಿನ ಹಾಗಾಗಿತ್ತು. ಮೆಷಿನ್ನು ಬೇಕೆಂದು ಹಟ ಹಿಡಿದವಳು ಅವಳೇ. ಬೇಡವೆಂದವರು ಅತ್ತೆ ಚಕ್ರೇಶ್ವರಮ್ಮ.

“ಉಪ್ಪು ನೀರನ್ನ ಸಿಹಿ ಮಾಡೋಕೆ ಅದಕ್ಕೇ ಉಪ್ಪು ಸುರೀತೀಯಾ? ಇದೆಂಥಾ ವಿದ್ಯೆನಪ್ಪಾ?” ಎಂದರು.

“ಆ ಉಪ್ಪು ಮಣಿ ತೊಳೆದು ಮೋರಿಗೆ ಹೋಗತ್ತೆ ಅಮ್ಮಾ. ಬಾಯಿಗೆ ಬರಲ್ಲ.”

“ಭಾನುವಾರ ನಾನು ವ್ರತಕ್ಕೆ ಉಪ್ಪು ಬಿಟ್ಟಿದೀನಿ. ಒಂದು ಹರಳು ಬಂದರೂ ನಿನ್ನ ಹಿಡ್ಕೋತೀನಿ.”

ಚಕ್ರೇಶ್ವರಮ್ಮನಿಗೆ ಅರವತ್ತೆಂಟು. ಅವರ ಮನೆಯಲ್ಲಿ ನೀರಿಗೊಂದು ಶಿಸ್ತು ಇತ್ತು. ಅಡಿಗೆಮನೆಯ ನಲ್ಲಿಗೆ ಎರಡು ಪದರದ ದಪ್ಪ ಬಟ್ಟೆ ಕಟ್ಟಿ ಸೋಸಿಯೇ ನೀರು ಹಿಡಿಯಬೇಕು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡುವಂತಿಲ್ಲ, ಒದರುವಂತಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಮಗುಚಿ, ಸೋಸಿದ ನೀರಿನಲ್ಲೇ ಮೆಲ್ಲಗೆ ಜಾಲಿಸಿ, ಆ ನೀರನ್ನು ಹಿತ್ತಾಳೆಯ ಗಿಂಡಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನ ಮಟ್ಟದವರೆಗೂ ಇಳಿಸಿ ಬಗ್ಗಿಸಬೇಕು. ಎಲ್ಲಿಂದ ಬಂದವೋ ಅಲ್ಲಿಗೆ ಬಿಡಬೇಕು. ಮದುವೆಯಾಗಿ ಬಂದಂದಿನಿಂದ ಒಂದು ದಿನ ತಪ್ಪಿಸಿದವರಲ್ಲ.

ಮೊದಲ ದಿನ ಸೋಪಿನ ನೊರೆ ಬಚ್ಚಲು ದಾಟಿ, ಹಜಾರ ದಾಟಿ, ಬೀದಿಗೆ ಹೋಗಿ ಎರಡು ಎತ್ತಿನ ಗಾಡಿ ನಿಲ್ಲಿಸಿತು. ಶ್ರದ್ಧಾ ನನಗೆ ಕಾಯಿ ಹೋಳಿಗೆ ಹಾಕಿದಳು. ನಾನು ಒಂಬತ್ತು ತಿಂದೆ.

ಮೂರು ವಾರಕ್ಕೆ ನೊರೆ ನಿಂತಿತು.

ಅಜಿತ್ ಅಂಗಡಿಗೆ ಬಂದ. “ಏನ್ ಡಾಕ್ಟ್ರೇ, ನಿಮ್ಮ ರೋಗಿ ಸತ್ತೋಯ್ತಲ್ಲ.”

“ನನ್ನ ಕೈಲಿ ರೋಗಿ ಸಾಯಲ್ಲ ಅಜಿತು. ನಾಟಕ ಆಡ್ತಾ ಇರತ್ತೆ.”

ತಿಮ್ಮಪ್ಪನನ್ನು ಕರೆದುಕೊಂಡು ಹೋಗಿ ತಪಾಸಣೆಗೆ ಕೂತೆ. ಮೊದಲು ಉಪ್ಪಿನ ಡ್ರಮ್ಮು. ಕೆಲವರು ಪುಡಿ ಉಪ್ಪು ಸುರಿದು, ಅದು ಮೇಲೆ ಗಟ್ಟಿ ಚಾವಣಿ ಕಟ್ಟಿಕೊಂಡು, ಕೆಳಗೆ ಬರಿ ನೀರು ನಿಂತಿರುತ್ತದೆ. ಕೋಲು ಹಾಕಿ ತಿವಿದೆ. ಸಡಿಲವಾಗಿಯೇ ಇತ್ತು, ಕಲ್ಲುಪ್ಪು, ಒಳ್ಳೆಯ ಮಾಲು. ಎರಡನೆಯದು, ಉಪ್ಪುನೀರು ಎಳೆಯುವ ಸಣ್ಣ ತೂತು. ಅದು ಕಟ್ಟಿಕೊಂಡಿದ್ದರೆ ಮಣಿಗೆ ಉಪ್ಪೇ ಮುಟ್ಟುವುದಿಲ್ಲ. ಬಿಚ್ಚಿ ಊದಿದೆ. ನಾನು ಊದಿದ ರಭಸಕ್ಕೆ ಎದುರು ಗೋಡೆಯ ಸುಣ್ಣ ಉದುರಿತು, ಆದರೆ ತೂತು ಮೊದಲೇ ಚೊಕ್ಕಟವಾಗಿತ್ತು. ಮೂರನೆಯದು, ಮೇಲಿನ ಹಿಡಿ. ಸರಿಯಾದ ಗುರುತಿನ ಮೇಲೇ ನಿಂತಿತ್ತು. ನಾಲ್ಕನೆಯದನ್ನು ನಾನು ನೋಡುವ ಮೊದಲೇ ತಿಮ್ಮಪ್ಪ ಮುಚ್ಚಳ ತಿರುಗಿಸಿ, ಕೊಳವೆಯೊಳಗೆ ಕೋಲು ಇಳಿಸಿ, ಎತ್ತಿ ತೋರಿಸಿದ. ಮಣಿ ಅರ್ಧಕ್ಕೆ ಬಂದಿತ್ತು.

“ಮಿಕ್ಕಿದ್ದು ಎಲ್ಲೋದೋ ಸಾ?” ಎಂದ, ಗೊತ್ತಿದ್ದೂ.

ಅಷ್ಟರಲ್ಲಿ ಚಕ್ರೇಶ್ವರಮ್ಮ ಅಡಿಗೆಮನೆಯಿಂದ ಬಂದರು. ಅಂಗೈ ಮೇಲೆ ನಲ್ಲಿಯ ಬಟ್ಟೆ, ಅದರ ಮೇಲೆ ನನ್ನ ಮಣಿಗಳು, ಬೆಳಕಿಗೆ ಜೇನಿನಂತೆ ಹೊಳೆಯುತ್ತಿದ್ದವು.

“ಇಪ್ಪತ್ತು ದಿನದಿಂದ ಹೀಗೇ ಬರ್ತಿವೆ ಕಣಪ್ಪಾ. ಹಿಂದೆ ಇಂಥದ್ದು ನೋಡಿರ್ಲಿಲ್ಲ. ಏನಿವು?”

“ಏನ್ಮಾಡಿದಿರಿ ಅಮ್ಮಾ ಇವನ್ನ?”

“ಏನ್ಮಾಡ್ತಾರೆ? ದಿನಾ ಬಾವಿಗೆ ಬಿಟ್ಟಿದೀನಿ.”

ನಾನು ಅಲ್ಲೇ ನಿಜ ಹೇಳಬಹುದಿತ್ತು. ಜಾಲರಿ ಬಿರಿದಿದೆ, ದಾರ ಬಿಚ್ಚಿದೆ, ಇದು ಮೆಷಿನ್ನಿನ ಪ್ಲಾಸ್ಟಿಕ್ಕು, ಬಾವಿಗೆ ಬಿಡಬೇಡಿ, ಎಂದು ನಾಲ್ಕು ಮಾತು. ಆದರೆ ಅಜಿತ್ ಬಾಗಿಲಿಗೆ ಒರಗಿ ನಿಂತಿದ್ದ, ಶ್ರದ್ಧಾ ನನ್ನ ಮುಖವನ್ನೇ ನೋಡುತ್ತಿದ್ದಳು, ಮತ್ತು ಹಳೆಯ ಮೆಷಿನ್ನು ಹೊಸದರ ಅಪ್ಪ ಎಂದು ಅವರ ಮುಂದೆ ಬಡಾಯಿ ಕೊಚ್ಚಿಕೊಂಡು ತಿಂಗಳೂ ಆಗಿರಲಿಲ್ಲ. ಬಾಯಿ ತಾನೇ ಓಡಿತು.

“ಮೊಟ್ಟೆ ಅಮ್ಮಾ.”

“ಮೊಟ್ಟೇನಾ?”

“ನೀರಹುಳದ್ದು. ನಿಮ್ಮ ಬಾವೀಲಿ ಅಜ್ಜನ ಕಾಲದಿಂದ ಇಡ್ತಾ ಇವೆ. ಇಷ್ಟು ದಿನ ಕಣ್ಣಿಗೆ ಕಾಣಿಸ್ತಿರಲಿಲ್ಲ. ನನ್ನ ಮೆಷಿನ್ನು ನೀರನ್ನ ಮೆದು ಮಾಡಿದ್ದಕ್ಕೆ ಉಬ್ಬಿ ಕಾಣಿಸ್ತಿವೆ. ಇಡೀ ತಾಲ್ಲೂಕಲ್ಲಿ ಮೊಟ್ಟೆ ಹಿಡಿಯೋ ಮೆಷಿನ್ ಇದೊಂದೇ.”

ತಿಮ್ಮಪ್ಪ ಕೆಮ್ಮುತ್ತಾ ಹಿತ್ತಲಿಗೆ ಹೋದ. ಚಕ್ರೇಶ್ವರಮ್ಮ ಬಟ್ಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ ರೀತಿಯೇ ಬದಲಾಯಿತು. ಹಾಗೇ ಕೂತುಬಿಟ್ಟರು.

“ಅಂದ್ರೆ ಐವತ್ತು ವರ್ಷ ನಾನು ಇವನ್ನ ಕುದಿಸಿ ಕುಡಿದೆನಾ?” ಎಂದು ಕೇಳಿದರು. ಯಾರನ್ನೋ ಗೊತ್ತಿಲ್ಲ, ನನ್ನನ್ನಂತೂ ಅಲ್ಲ.

ಆಮೇಲೆ ಗಿಂಡಿ ತಂದು, ಮಣಿಗಳನ್ನು ಒಂದೊಂದಾಗಿ ಜಾಲಿಸಿ, ಬಾವಿಗೆ ಇಳಿಸಿದರು. ಒಂದು ಬಟ್ಟೆಗೆ ಮುಕ್ಕಾಲು ಗಂಟೆ ಹಿಡಿಯಿತು.

ನಾನು ಅರಕಲಗೂಡಿನ ಆ ಲಾಡ್ಜಿನಲ್ಲಿ ಕೆಟ್ಟು ಕೂತಿದ್ದ ಸಾಫ್ಟ್‌ನರಿನಿಂದ ಎರಡು ಬಕೆಟ್ ಹಳೇ ಮಣಿ ತಂದು ಕೊಳವೆ ತುಂಬಿದೆ. ನೊರೆ ಬಂತು. ಜಾಲರಿಗೆ ಬೆಂಗಳೂರಿಗೆ ಹೇಳಿಕಳಿಸಿದ್ದೇನೆ ಎಂದು ತಿಮ್ಮಪ್ಪನಿಗೆ ಹೇಳಿದೆ. ಕಳಿಸಿರಲಿಲ್ಲ.

“ಆ ತಾಯಿ ದಿನಾ ಪಿಲಾಸ್ಟಿಕ್ಕಿಗೆ ಗಿಂಡಿ ಇಳುಸ್ತಾವ್ಳೆ ಸಾ. ಏಳ್ಬುಡಿ.”

“ಹೇಳ್ತೀನಿ ಕಣೋ. ಒಳ್ಳೆ ಟೈಮ್ ನೋಡಿ ಹೇಳ್ತೀನಿ.”

“ನಿಮ್ಗ್ಯಾವತ್ತು ಒಳ್ಳೆ ಟೈಮು? ನಿಮ್ ಬಾಯಿಗೇ ಒಂದ್ ಜಾಲ್ರಿ ಆಕುಸ್ಬೇಕು.”

ಏಪ್ರಿಲ್ ಕೊನೆಯಲ್ಲಿ ಸುದ್ದಿ ಬಂತು, ದಿಗಂಬರ ಮುನಿಗಳೊಬ್ಬರು ಬೆಳಗೊಳಕ್ಕೆ ನಡೆದು ಹೋಗುವ ದಾರಿಯಲ್ಲಿ ಪಟ್ಟಣದಲ್ಲಿ ಒಂದು ದಿನ ತಂಗುತ್ತಾರೆ ಎಂದು. ಮುನಿಗಳದು ದಿನಕ್ಕೆ ಒಂದೇ ಊಟ, ಅದೂ ನಿಂತು, ಬರಿ ಬೊಗಸೆಯಲ್ಲಿ. ನೀರೂ ಆಗಲೇ, ಆಮೇಲೆ ಮರುದಿನದವರೆಗೆ ಹನಿಯೂ ಇಲ್ಲ. ಯಾರ ಮನೆಗೆ ಬರುತ್ತೇವೆಂದು ಮೊದಲೇ ಹೇಳುವುದಿಲ್ಲ. ಮನಸ್ಸಿನಲ್ಲಿ ಏನೋ ಒಂದು ನಿಯಮ ಇಟ್ಟುಕೊಂಡು ಬೀದಿಯಲ್ಲಿ ಬರುತ್ತಾರೆ. ಜೈನರ ಮನೆಗಳವರು ಬಾಗಿಲ ಮುಂದೆ ಕಳಸ ಹಿಡಿದು ನಿಂತು ಕರೆಯಬೇಕು. ಎಲ್ಲಿ ನಿಂತರೋ ಆ ಮನೆಯ ಪುಣ್ಯ.

ಚಕ್ರೇಶ್ವರಮ್ಮ ಇಪ್ಪತ್ತೊಂದು ವರ್ಷದಿಂದ ಹಾಗೆ ನಿಂತಿದ್ದರು. ಒಬ್ಬ ಮುನಿಯೂ ಆ ಬಾಗಿಲಲ್ಲಿ ನಿಂತಿರಲಿಲ್ಲ. ಎರಡು ಮನೆ ಆಚೆಯ ಅನಂತಮತಿಯ ಬಾಗಿಲಲ್ಲಿ ಮೂರು ಸಲ ನಿಂತಿದ್ದರು, ಮತ್ತು ಅನಂತಮತಿ ಅದನ್ನು ದಿನಕ್ಕೆ ಮೂರು ಸಲ ಹೇಳುತ್ತಿದ್ದರು.

ಆ ದಿನ ನಾನೂ ತಿಮ್ಮಪ್ಪನೂ ಹಿತ್ತಲಲ್ಲೇ ಇದ್ದೆವು. ಮುನಿಗಳಿಗೆ ಮೆಷಿನ್ನಿನ ನೀರು ನಡೆಯುವುದಿಲ್ಲ, ಬಾವಿಯಿಂದ ಕೈಯಲ್ಲಿ ಸೇದಿದ್ದೇ ಆಗಬೇಕು. ಅದಕ್ಕೆ ಮೋಟರು ಕಳಚಿಟ್ಟು ರಾಟೆ ಕೂರಿಸಿಕೊಡಲು ಕರೆದಿದ್ದರು. ಚಕ್ರೇಶ್ವರಮ್ಮ ಒದ್ದೆ ಸೀರೆಯಲ್ಲಿ ತಾವೇ ಸೇದಿದರು. ಶ್ರದ್ಧಾಳ ಕೈಗೂ ಹಗ್ಗ ಕೊಡಲಿಲ್ಲ. ಬೇಸಿಗೆಗೆ ಬಾವಿಯ ತಳ ಕಂಡಿತ್ತು. ಕೊಡ ಮೇಲೆ ಬಂದಾಗಲೆಲ್ಲ ಬಟ್ಟೆಯ ಮೇಲೆ ಮಣಿ ನಿಲ್ಲುತ್ತಿತ್ತು. ನಾಲ್ಕು ಪದರ ಮಾಡಿ ಮೂರು ಸಲ ಸೋಸಿದರು. ನಾಲ್ಕನೆಯ ಸಲ ಬಟ್ಟೆ ಬೆಳ್ಳಗಿತ್ತು. ಆ ನೀರನ್ನು ಕಾಯಿಸಿ ಆರಿಸಿ, ಹುಣಸೆಹಣ್ಣಿನಲ್ಲಿ ಥಳಥಳ ಬೆಳಗಿದ ಗಿಂಡಿಗೆ ಬಗ್ಗಿಸಿದರು. ಮನೆಯಲ್ಲಿ ಶುದ್ಧಕ್ಕೆಂದು ಇದ್ದದ್ದು ಅದೊಂದೇ ಗಿಂಡಿ. ಜೀವಗಳನ್ನು ಬಾವಿಗೆ ಬಿಡುವುದೂ ಅದರಲ್ಲೇ, ಅದೂ ಶುದ್ಧದ ಕೆಲಸವೇ ಅಲ್ಲವೆ? ಗಿಂಡಿಯ ಹೊಟ್ಟೆಯನ್ನು ಉಜ್ಜಬಹುದು. ಅದರ ಕೊಕ್ಕಿನ ಒಳಗೆ ಯಾರ ಬೆರಳು ಹೋಗುತ್ತದೆ?

ಹತ್ತು ಗಂಟೆಗೆ ಮುನಿಗಳು ಬೀದಿಗೆ ಬಂದರು. ಅನಂತಮತಿಯ ಮನೆ ದಾಟಿದರು. ಇನ್ನೊಂದು ದಾಟಿದರು. ಚಕ್ರೇಶ್ವರಮ್ಮನ ಬಾಗಿಲಲ್ಲಿ ನಿಂತರು.

ನಾನು ಜಂಬ ಕೊಚ್ಚುವವನು ನಿಜ, ಆದರೆ ಆ ಕ್ಷಣದಲ್ಲಿ ಆಕೆಯ ಮುಖ ಹೇಗಿತ್ತೆಂದು ಹೇಳಲು ನನ್ನಲ್ಲಿ ಸುಳ್ಳೂ ಇಲ್ಲ. ಕಳಸ ಹಿಡಿದೇ ಕರೆದರು. “ನಮೋಸ್ತು ಸ್ವಾಮಿ. ಅತ್ರ ಅತ್ರ, ತಿಷ್ಠ ತಿಷ್ಠ. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ.” ಆ ಕೊನೆಯ ಮಾತಿಗೆ ತಿಮ್ಮಪ್ಪ ನನ್ನ ಕಡೆ ನೋಡಿದ. ನಾನು ರಾಟೆಯ ಕಡೆ ನೋಡಿದೆ.

ಹಜಾರದ ಕಿಟಕಿಗೆ ಬೀದಿಯೆಲ್ಲ ಅಂಟಿಕೊಂಡಿತ್ತು. ನಾನೂ ಸಂದಿಯಲ್ಲಿ ತಲೆ ತೂರಿಸಿದೆ. ಮುನಿಗಳು ಸಣ್ಣ ಆಳು, ಬಿಸಿಲಿಗೆ ತುಟಿ ಒಡೆದಿತ್ತು. ಎರಡು ಕೈ ಜೋಡಿಸಿ ಬೊಗಸೆ ಒಡ್ಡಿದರು. ಚಕ್ರೇಶ್ವರಮ್ಮ ಗಿಂಡಿ ಬಗ್ಗಿಸಿದರು. ನೀರು ಬಿತ್ತು. ಕುಡಿಯುವ ಮೊದಲು ಅವರು ಬೊಗಸೆಯನ್ನು ಬೆಳಕಿಗೆ ಹಿಡಿದು ನೋಡಿದರು, ಅದು ಅವರ ಕ್ರಮ. ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದರು. ಜೇನಿನ ಬಣ್ಣದ್ದು ಒಂದು, ಬೊಗಸೆಯ ನಡುವೆ ಉರುಳಿ ನಿಂತಿತು.

ಕೈ ಬಿಟ್ಟರು. ನೀರು ನೆಲಕ್ಕೆ ಬಿತ್ತು.

“ಅಂತರಾಯ” ಎಂದು ಯಾರೋ ಪಿಸುಗುಟ್ಟಿದರು. ಜೀವ ಕಂಡರೆ ಆ ದಿನದ ಊಟ ಅಲ್ಲಿಗೆ ಮುಗಿಯಿತು, ನೀರೂ ಮುಗಿಯಿತು. ಮುನಿಗಳು ಕೋಪ ಮಾಡಿಕೊಳ್ಳಲಿಲ್ಲ. ಚಕ್ರೇಶ್ವರಮ್ಮನಿಗೆ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ, ಬಂದ ಹಾಗೇ ಬಿಸಿಲಿಗೆ ಇಳಿದು ಹೋದರು. ಮರುದಿನ ಬೆಳಿಗ್ಗೆ ಅದೇ ಒಣ ಬಾಯಲ್ಲಿ ಬೆಳಗೊಳಕ್ಕೆ ಎಂಟು ಮೈಲಿ ನಡೆದರು.

ಮನೆಯೊಳಗೆ ಯಾರೂ ಕೂರಲಿಲ್ಲ. ಅನಂತಮತಿ ಬಗ್ಗಿ ನೆಲದ ಮೇಲಿನ ಮಣಿಯನ್ನು ಎಲೆಯ ಮೇಲೆ ಎತ್ತಿದರು.

“ಏನಿದು?”

ಅಜಿತ್ ನನ್ನನ್ನು ಕಿಟಕಿಯಿಂದ ಕರೆದ. “ಪ್ರದ್ಯುಮ್ನ, ಬನ್ನಿ ಇಲ್ಲಿ. ನೀವೇ ಹೇಳಿ, ಏನಿದು?”

ಐವತ್ತು ಜನ ನನ್ನ ಕಡೆ ತಿರುಗಿದರು. ಒಂದು ಪದ ಸಾಕಿತ್ತು. ನಾನು ಬಾಯಿ ತೆರೆದೆ, ಆದರೆ ಹೇಳಿದ್ದು ನಾನಲ್ಲ, ಚಕ್ರೇಶ್ವರಮ್ಮ.

“ಮೊಟ್ಟೆ. ಅವನು ಆವತ್ತೇ ಹೇಳಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಲಿ ಸೋಸಕ್ಕಾಗಲಿಲ್ಲ.”

ನಾನು ಬಾಯಿ ಮುಚ್ಚಿದೆ. ಅಷ್ಟು ಸಲೀಸಾಗಿ ನಾನು ಯಾವ ನಲ್ಲಿಯನ್ನೂ ಮುಚ್ಚಿದವನಲ್ಲ.

ಒಂದು ವಾರ ಅಂಗಡಿ ತೆರೆಯಲಿಲ್ಲ. ತಿಮ್ಮಪ್ಪ ಶಾಂತಿಗ್ರಾಮದಿಂದ ಬರಲೇ ಇಲ್ಲ. ಎಂಟನೆಯ ದಿನ ನಾನೇ ಬೆಂಗಳೂರಿಗೆ ಹೋಗಿ ಹೊಸ ಜಾಲರಿ ತಂದು, ನೆಟ್ಟಗೆ ಅಜಿತನ ಹಿತ್ತಲಿಗೆ ಹೋದೆ. ಚಕ್ರೇಶ್ವರಮ್ಮ ಬಾವಿಕಟ್ಟೆಯ ಮೇಲೆ ಬಟ್ಟೆ ಹಿಡಿದು ಕೂತಿದ್ದರು.

“ಅಮ್ಮಾ, ಅದು ಮೊಟ್ಟೆ ಅಲ್ಲ.”

ತಲೆ ಎತ್ತಲಿಲ್ಲ. “ಸಮಾಧಾನ ಹೇಳೋಕೆ ಬಂದ್ಯಾ? ಬೇಡಪ್ಪಾ.”

ಅವರ ಬಟ್ಟೆಯಿಂದ ಒಂದು ಮಣಿ ಎತ್ತಿ ಕಲ್ಲ ಮೇಲಿಟ್ಟು, ಒಡೆದು ತೋರಿಸಲು ಸ್ಪಾನರ್ ಎತ್ತಿದೆ. ಆಕೆ ಕಿರುಚಿಕೊಂಡು ಕಲ್ಲಿನ ಮೇಲೆ ಅಂಗೈ ಮುಚ್ಚಿದರು. ಇನ್ನೊಂದು ಕ್ಷಣವಾಗಿದ್ದರೆ ಸ್ಪಾನರ್ ಆ ಕೈ ಮೇಲೆ ಬೀಳುತ್ತಿತ್ತು. ನಾನು ಅದನ್ನು ಕೆಳಗಿಟ್ಟು, ಮೆಷಿನ್ನಿನ ಮುಚ್ಚಳ ತೆಗೆದು, ಒಳಗಿನಿಂದ ಒಂದು ಹಿಡಿ ಮಣಿ ತಂದು, ಅವರ ಬಟ್ಟೆಯ ಮಣಿಗಳ ಪಕ್ಕದಲ್ಲಿ ಸುರಿದೆ. ಬಿರಿದ ಜಾಲರಿ ತೋರಿಸಿದೆ, ಸೊಳ್ಳೆಪರದೆ ತೋರಿಸಿದೆ, ದಾರ ತೋರಿಸಿದೆ. ಒಂದು ಮಾತೂ ಹೆಚ್ಚು ಮಾಡಿ ಹೇಳಲಿಲ್ಲ. ಜೀವನದಲ್ಲಿ ಅದೇ ಮೊದಲು.

ಎರಡೂ ಕಡೆಯ ಮಣಿಗಳನ್ನು ಬೆರಳಿನಿಂದ ಉರುಳಿಸಿ ನೋಡಿದರು.

“ಮತ್ತೆ ಮೊಟ್ಟೆ ಅಂದ್ಯಲ್ಲ?”

“ತಮಾಷೆಗೆ ಅಂದೆ ಅಮ್ಮಾ.”

“ತಮಾಷೆಗೆ” ಎಂದರು. “ಅವರ ಬಾಯಿ ಎಷ್ಟು ಒಣಗಿತ್ತು ನೋಡ್ದ್ಯಾ ನೀನು?”

“ನೋಡಿದೆ.”

ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲೇ ಹಗುರವಾಗಿ ಮನೆಗೆ ಹೋಗುತ್ತಿದ್ದೆ. ಆಕೆ ಕೇಳಿದ್ದು ಬೇರೆ.

“ಮುನಿಗಳು ಚಾತುರ್ಮಾಸಕ್ಕೆ ಬೆಳಗೊಳದಲ್ಲೇ ನಾಲ್ಕು ತಿಂಗಳು ಇರ್ತಾರಂತೆ. ಆಹಾರಕ್ಕೆ ಊರೂರಿನವರು ಸರದಿ ಮೇಲೆ ಹೋಗ್ತಾರೆ. ನಮ್ಮೂರ ಸರದಿ ಈ ಭಾನುವಾರ ಬಸದೀಲಿ ಬರೀತಾರೆ. ನನ್ನ ಹೆಸರು ಬೇಡ ಅಂತ ಅನಂತಮತಿ ಹೇಳಿದಾಳೆ, ಮೊಟ್ಟೆ ನೀರು ಎರೆದವಳು ಅಂತ. ನೀನು ಅಲ್ಲಿಗೆ ಬಾ. ಈಗ ನನಗೆ ಹೇಳಿದ್ದನ್ನ ಅವರಿಗೆ ಹೇಳು, ಅಷ್ಟು ಸಾಕು. ನನಗೆ ಇನ್ನೊಂದು ಸಲ ಅವರ ಕೈಗೆ ನೀರು ಬಿಡಬೇಕು.”

“ಹೇಳ್ತೀನಿ ಅಮ್ಮಾ. ಖಂಡಿತ.”

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಬಸದಿಯ ಜಗಲಿಯಲ್ಲಿ ಮೂವತ್ತು ಹೆಂಗಸರು, ಹತ್ತು ಗಂಡಸರು, ಒಂದು ನೋಟ್‌ಬುಕ್ಕು. ಚಕ್ರೇಶ್ವರಮ್ಮ ಕಂಬದ ಪಕ್ಕ, ಶ್ರದ್ಧಾಳ ಭುಜ ಹಿಡಿದು ಕೂತಿದ್ದರು. ಸೊಸೆ ನನ್ನನ್ನು ನೋಡಿ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಆಕೆ ನೆಟ್ಟಗೆ ಕೂತರು.

ನಾನು ಚಪ್ಪಲಿ ಬಿಡುವುದರೊಳಗೆ ಅನಂತಮತಿ ಎದ್ದು ಬಂದರು.

“ಬಾಪ್ಪಾ, ನಿನ್ನನ್ನೇ ಕಾಯ್ತಿದ್ವಿ. ನಾಲ್ಕು ಪದರ ಬಟ್ಟೇಲಿ ಕಾಣದ ಮೊಟ್ಟೆ ನಿನ್ನ ಮೆಷಿನ್ನು ಕಾಣಿಸತ್ತಂತೆ? ನಮ್ಮ ಬಾವಿಗೂ ಒಂದು ಹಾಕ್ಬೇಕು. ಇನ್ಮೇಲೆ ಯಾರ ಮನೇಲೂ ಹಾಗಾಗಬಾರದು ನೋಡು.”

“ನಮ್ಮನೆಗೂ” ಎಂದರು ಇನ್ನೊಬ್ಬರು. “ಬಾಗೂರಲ್ಲಿ ನನ್ನ ತಂಗಿ ಮನೆಗೂ” ಎಂದಿತು ಮತ್ತೊಂದು ಧ್ವನಿ. ಒಬ್ಬ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು, ಅನ್ಯಮತದವನಾದರೂ ಜೀವದಯೆ ತಿಳಿದವನು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಎಲ್ಲ ಮುಖಗಳೂ ನನ್ನ ಕಡೆ. ಗಂಟಲು ಸರಿ ಮಾಡಿಕೊಂಡೆ. “ಅಮ್ಮಂದಿರಾ, ಒಂದು ಮಾತು ಹೇಳಬೇಕು” ಎಂದು ಶುರು ಮಾಡಿದೆ. ಕಂಬದ ಪಕ್ಕ ಚಕ್ರೇಶ್ವರಮ್ಮ ಕೈ ಜೋಡಿಸಿದ್ದು ಕಾಣಿಸಿತು.

ಆಮೇಲೆ ನಾನು ಏನು ಹೇಳಿದೆನೋ ನನಗೆ ಪೂರ್ತಿ ನೆನಪಿದೆ, ಆದರೂ ಪೂರ್ತಿ ಬರೆಯುವುದಿಲ್ಲ. ಮೊದಲು ಬಾವಿಗಳ ಬಗ್ಗೆ ಹೇಳಿದೆ. ಆಮೇಲೆ ಹಾಸನ ಜಿಲ್ಲೆಯ ನೀರಿನ ಬಗ್ಗೆ. ಕೊರವಂಗಲದಲ್ಲಿ ಒಂದು ಬಾವಿಯಿಂದ ಮೂರು ಸೇರು ಮೊಟ್ಟೆ ಹಿಡಿದೆ ಎಂದೆ. ಒಂದು ಜೀವಕ್ಕೂ ನೋವಾಗದಂತೆ ಅವು ಮತ್ತೆ ಬಾವಿಗೇ ಹೋಗುವ ಹಾಗೆ ಪೈಪು ಕೂರಿಸುತ್ತೇನೆ ಎಂದೆ. ಮಾತು ಮಾತಿಗೆ ಜನ ತಲೆದೂಗಿದರು, ತಲೆದೂಗಿದಷ್ಟೂ ಮಾತು ಬಂತು. ಅವತ್ತು ನಾನು ಮಾತಾಡಿದ ಹಾಗೆ ಇಡೀ ಮೈಸೂರು ಸೀಮೆಯಲ್ಲಿ ಯಾರೂ ಮಾತಾಡಿಲ್ಲ. ಹನ್ನೊಂದು ಮನೆಯವರು ಹೆಸರು ಬರೆಸಿದರು, ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ.

ಮುಂದಿನ ಹಾಳೆಯಿಂದ ಅನಂತಮತಿ ಸರದಿ ಓದಿದರು. ಓದಿ ಮುಗಿಸಿ, “ಚಕ್ರೇಶ್ವರಿ, ನೀನು ದೀಪಕ್ಕೆ ಬತ್ತಿ ಹೊಸೆದು ಕೊಡು. ಬೇಜಾರು ಮಾಡ್ಕೋಬೇಡ” ಎಂದರು, ಪ್ರೀತಿಯಿಂದಲೇ.

ಜನ ಚದುರಿದ ಮೇಲೆ ಆಕೆ ನನ್ನ ಪಕ್ಕದಲ್ಲೇ ಹಾದು ಹೋಗಬೇಕಾಯಿತು. ಶ್ರದ್ಧಾ ನನ್ನನ್ನು ನುಂಗುವ ಹಾಗೆ ನೋಡಿದಳು. ಚಕ್ರೇಶ್ವರಮ್ಮ ನಿಂತರು.

“ಅಷ್ಟು ಮಾತಾಡಿದೀಯ, ಬಾಯಿ ಒಣಗಿರತ್ತೆ. ಒಳಗೆ ಹಂಡೇಲಿ ಸೋಸಿದ ನೀರಿದೆ, ಕುಡಿದು ಹೋಗಪ್ಪಾ” ಎಂದು ಹೇಳಿ ಮೆಟ್ಟಿಲು ಇಳಿದರು.

ನಾನು ಕುಡಿದೆ. ತಣ್ಣಗಿತ್ತು. ಮಾರನೇ ದಿನ ಹನ್ನೊಂದು ಮೆಷಿನ್ನಿಗೆ ಬೆಂಗಳೂರಿಗೆ ಬರೆದೆ. ಚಕ್ರೇಶ್ವರಮ್ಮ ಆ ವರ್ಷ ನಾಲ್ಕು ತಿಂಗಳೂ ಬತ್ತಿ ಹೊಸೆದರು, ಅದರ ಮುಂದಿನ ವರ್ಷವೂ.